ಆರು ಹೊಸಬರಿಗೆ ಒಬ್ಬ ಸೀನಿಯರ್

2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರ ಮೊದಲ ವರ್ಷದ ವಿದ್ಯಾರ್ಥಿ ಅಮನ್ ಕಾಚ್ರು ಸೀನಿಯರ್‌ಗಳ ಹೊಡೆತಕ್ಕೆ ಬಲಿಯಾದ. ಅದೇ ವರ್ಷದ ಜೂನ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ರ‍್ಯಾಗಿಂಗ್ ತಡೆ ನಿಯಮಾವಳಿ ಹೊರಡಿಸಿತು. ಅದರಲ್ಲಿ ಏನೇನು ಶಿಕ್ಷೆ ಇದೆ ಎಂಬುದು ನಮಗೆ ಗೊತ್ತು. ದಾಖಲಾತಿಯ ಹೊತ್ತಿಗೆ ಮುಚ್ಚಳಿಕೆಯನ್ನೂ ಬರೆದುಕೊಡುತ್ತೇವೆ. ಆದರೆ ಅದೇ ನಿಯಮಾವಳಿ ಸೀನಿಯರ್‌ಗಳಿಗೆ ಒಂದು ಕೆಲಸವನ್ನೂ ವಹಿಸಿದೆ. ಪ್ರತಿ ಕಾಲೇಜಿನಲ್ಲೂ ಮಾರ್ಗದರ್ಶಕರ ಕೋಶ ಇರಬೇಕು, ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳೇ ಅದನ್ನು ನಡೆಸಬೇಕು. ಆರು ಹೊಸಬರಿಗೆ ಒಬ್ಬರು, ಅಂಥ ಆರು ಮಾರ್ಗದರ್ಶಕರಿಗೆ ಮೇಲಿನ ತರಗತಿಯ ಇನ್ನೊಬ್ಬರು.

ಆರು ಎಂಬುದು ಯೋಚಿಸಿ ಇಟ್ಟ ಲೆಕ್ಕದಂತೆಯೇ ಇದೆ. ಆರು ಜನರ ಹೆಸರು, ಊರು, ಯಾರು ಪಿಜಿಯಲ್ಲಿದ್ದಾರೆ, ಯಾರು ಬೆಳಗ್ಗೆ ಆರಕ್ಕೇ ಬಸ್ ಹತ್ತುತ್ತಾರೆ, ಇವೆಲ್ಲ ಒಬ್ಬರಿಗೆ ನೆನಪಿರುತ್ತವೆ. ಸೆಮಿನಾರ್ ಹಾಲ್ ತುಂಬ ಮಕ್ಕಳನ್ನು ಕೂರಿಸಿ ಬುದ್ಧಿ ಹೇಳಿದರೆ ಈ ಪರಿಚಯ ಬೆಳೆಯುವುದಿಲ್ಲ.

ಮೊದಲ ವಾರದಲ್ಲಿ ಪಾಠಕ್ಕಿಂತ ಓಡಾಟದ ತಾಪತ್ರಯವೇ ಹೆಚ್ಚು: ಲ್ಯಾಬ್ ಎಲ್ಲಿ, ಬಸ್ ಪಾಸ್‌ಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು ಹೇಗೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನಕ್ಕೆ ಏನೇನು ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ ಎಂಬುದನ್ನು ಹಿಂದಿನ ವರ್ಷ ಬ್ಯಾಂಕಿಗೆ ಅಲೆದವರೇ ಸರಿಯಾಗಿ ಹೇಳಬಲ್ಲರು. ಹಾಗೆಂದು ಅರ್ಜಿಯನ್ನು ನೀವೇ ತುಂಬಿಕೊಡಬೇಡಿ. ಮೊಬೈಲ್ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತಿರಿ. ಒಟಿಪಿ, ಪಾಸ್‌ವರ್ಡ್ ಕೇಳಲೇಬೇಡಿ.

ನಿಜವಾದ ಕೆಲಸ ಶುರುವಾಗುವುದು ಮೊದಲ ಇಂಟರ್ನಲ್ಸ್ ಮುಗಿದ ಮೇಲೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಜಿನಿಯರಿಂಗ್ ಕಾಲೇಜನ್ನೇ ತೆಗೆದುಕೊಳ್ಳಿ. ಥಿಯರಿ ವಿಷಯಗಳಲ್ಲಿ 100ಕ್ಕೆ 50 ಅಂಕ ಕಾಲೇಜಿನೊಳಗಿನ ಮೌಲ್ಯಮಾಪನದ್ದು; ಹಾಜರಾತಿ ಶೇ 85 ಇರಬೇಕು. ಕೊನೆಯ ಪರೀಕ್ಷೆಯೊಂದರಲ್ಲೇ ಎಲ್ಲವನ್ನೂ ಸರಿದೂಗಿಸಿಕೊಳ್ಳಲು ಇಲ್ಲಿ ಆಗುವುದಿಲ್ಲ. ಪಿಯುಸಿಯಲ್ಲಿ ಶೇ 90 ದಾಟಿದ ಹುಡುಗಿಗೆ 25ಕ್ಕೆ 9 ಬಂತು ಎನ್ನಿ. ಮನೆಗೆ ಹೇಳಿರುವುದಿಲ್ಲ, ಗೆಳತಿಯರಿಗೂ ತೋರಿಸಿರುವುದಿಲ್ಲ. ‘ಚಿಂತೆ ಮಾಡಬೇಡ, ಸರಿಹೋಗುತ್ತೆ’ ಎಂದರೆ ಅವಳಿಗೆ ಏನೂ ಸಿಕ್ಕಂತಾಗುವುದಿಲ್ಲ. ಉತ್ತರ ಪತ್ರಿಕೆ ತರಲು ಹೇಳಿ. ಕ್ಯಾಂಟೀನ್ ಮೇಜಿನ ಮೇಲಿಟ್ಟು ಒಂದೊಂದೇ ಪ್ರಶ್ನೆ ನೋಡಿ. ಸೂತ್ರವನ್ನು ಸಾಧಿಸಿ ತೋರಿಸು ಎಂದು ಕೇಳಿದ ಕಡೆ ಬರೀ ಸೂತ್ರ ಬರೆದಿರುತ್ತಾಳೆ. ಚಿತ್ರಕ್ಕೆ ಅಂಕವಿದ್ದರೂ ಚಿತ್ರ ಬರೆದಿರುವುದಿಲ್ಲ. ಕೊನೆಯ ಪ್ರಶ್ನೆಗೆ ಹೊತ್ತೇ ಸಾಲದೆ ಅರ್ಧಕ್ಕೆ ನಿಲ್ಲಿಸಿರುತ್ತಾಳೆ. ಪಾಠವೇ ಅರ್ಥವಾಗದೆ ಬಿಟ್ಟದ್ದು ಬಹುಶಃ ಒಂದು ಪ್ರಶ್ನೆ. ‘ನನಗೆ ಎಂಜಿನಿಯರಿಂಗ್ ಆಗಲ್ಲ’ ಎಂದುಕೊಂಡು ಬಂದವಳು ಏಳುವ ಹೊತ್ತಿಗೆ ‘ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಕಂಡುಹಿಡಿಯೋದು ಬರ್ತಿಲ್ಲ ಅಕ್ಕಾ’ ಎನ್ನುತ್ತಾಳೆ. ಅದನ್ನು ಸಂಜೆಯೊಳಗೆ ಹೇಳಿಕೊಡಬಹುದು.

ಮೇಷ್ಟ್ರು ಇದನ್ನೇ ಹೇಳಿದರೂ ಹುಡುಗರು ಅಂಜಿಕೆಯಲ್ಲಿ ತಲೆಯಾಡಿಸಿ ಬರುತ್ತಾರೆ. ಹೋದ ವರ್ಷ ಅದೇ ಬೆಂಚಿನಲ್ಲಿ ಕೂತಿದ್ದವರ ಮುಂದೆ ‘ಗೊತ್ತಾಗಲಿಲ್ಲ’ ಎನ್ನಲು ನಾಚಿಕೆಯಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಇದು ದೊಡ್ಡ ಆಸರೆ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ತರಗತಿ ಮುಂದೆ ಹೋಗಿರುತ್ತದೆ, ಸಂದೇಹ ಹಾಗೇ ಉಳಿಯುತ್ತದೆ. ಒಮ್ಮೆ ಸ್ಟಾಫ್ ರೂಮಿಗೆ ಜೊತೆಯಲ್ಲಿ ಹೋಗಿ, ‘ಕನ್ನಡದಲ್ಲೇ ಕೇಳು’ ಎಂದು ಧೈರ್ಯ ಕೊಡಿ. ಎರಡನೇ ಸಲ ಒಬ್ಬರೇ ಹೋಗುತ್ತಾರೆ.

ನೋಟ್ಸ್ ಕೊಡಿ, ಅಸೈನ್‌ಮೆಂಟ್ ಬರೆದುಕೊಡಬೇಡಿ. ಅವರು ಹೇಳಿಕೊಂಡ ಮನೆಯ ಕಷ್ಟ ಹಾಸ್ಟೆಲ್‌ನ ಹರಟೆಗೆ ವಸ್ತುವಾಗಬಾರದು. ಒಮ್ಮೆ ಬಾಯಿಬಿಟ್ಟರೆ ಆರೂ ಜನ ನಿಮ್ಮಿಂದ ದೂರವಾಗುತ್ತಾರೆ. ಆದರೆ ಬದುಕೇ ಬೇಡ ಎಂಬ ಮಾತು ಬಂದಾಗ ಗುಟ್ಟು ಕಾಯುವ ಪ್ರಶ್ನೆಯಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ವಾರ್ಡನ್‌ಗೋ ನಂಬಿಕೆಯ ಅಧ್ಯಾಪಕರಿಗೋ ತಿಳಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹೊಸಬರಿಗೆ ಯಾರಾದರೂ ರ‍್ಯಾಗಿಂಗ್ ಮಾಡುತ್ತಿದ್ದರೆ, ಮಾಡುವವರು ನಿಮ್ಮ ಗೆಳೆಯರೇ ಆಗಿದ್ದರೂ, 1800-180-5522ಕ್ಕೆ ದೂರು ಕೊಡಿಸಿ.

ನಿಮ್ಮ ಕಾಲೇಜಿನಲ್ಲಿ ಮಾರ್ಗದರ್ಶಕರ ಕೋಶ ಇದೆಯೇ ಎಂದು ನಾಳೆಯೇ ಕಚೇರಿಯಲ್ಲಿ ವಿಚಾರಿಸಿ. ಇದ್ದರೆ ಹೆಸರು ಕೊಡಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ, ಅದರಲ್ಲಿ 2009ರ ಯುಜಿಸಿ ನಿಯಮಾವಳಿಯನ್ನು ಹೆಸರಿಸಿ. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಈ ಕೆಲಸ ಆಗಲಿ.