ಅಂಗೈ ಮೇಲೊಂದು ಮೆದುಳು

ಮನುಷ್ಯನ ಮೆದುಳನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಅಚ್ಚರಿ ಹುಟ್ಟಿಸುವುದು ಅದರ ಭಾರ. ಹೆಚ್ಚುಕಡಿಮೆ 1.3 ಕೆ.ಜಿ. ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುವಷ್ಟು ಕಾಲ ಅದು 50 ಗ್ರಾಂ ತೂಕದ ವಸ್ತುವಿನಷ್ಟು ಹಗುರ. ಅದಕ್ಕೇ ನಮ್ಮ ತಲೆಯೊಳಗೆ ಇಷ್ಟು ದೊಡ್ಡದೊಂದು ಇದೆ ಎಂಬುದು ನಮಗೇ ತಿಳಿಯುವುದಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಮನೋ-ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ಶಾಲಾ ಮಕ್ಕಳು ಗ್ಲೌಸ್ ತೊಟ್ಟು ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಮಾದರಿಯಲ್ಲ, ಪ್ಲಾಸ್ಟಿಕ್ಕಲ್ಲ, ಒಮ್ಮೆ ಬದುಕಿದ್ದ ಒಬ್ಬರ ಮೆದುಳು.

ಕಪಾಟುಗಳ ತುಂಬ ಪಾರದರ್ಶಕ ಡಬ್ಬಿಗಳಲ್ಲಿ ನೂರಾರು ಮೆದುಳುಗಳು, ಮೆದುಳಿನ ಹೋಳುಗಳು. ಒಂದರಲ್ಲಿ ಬೈಕ್ ಅಪಘಾತದ ಪೆಟ್ಟಿಗೆ ಹೆಪ್ಪುಗಟ್ಟಿದ ರಕ್ತ. ಇನ್ನೊಂದರಲ್ಲಿ ಬಿ.ಪಿ. ಏರಿ ಒಳಗೇ ಒಡೆದ ರಕ್ತನಾಳ. ಮರೆಗುಳಿತನದ ಮೆದುಳು ಎಷ್ಟು ಬತ್ತಿರುತ್ತದೆಂದರೆ ಮಡಿಕೆಗಳ ನಡುವಿನ ಸಂದುಗಳು ದೂರಕ್ಕೇ ಕಾಣುತ್ತವೆ. ಪಾರ್ಕಿನ್ಸನ್ ಕಾಯಿಲೆಯದನ್ನು ಮಾತ್ರ ಹತ್ತಿರದಿಂದಲೇ ನೋಡಬೇಕು. ಆರೋಗ್ಯವಂತರ ನಡುಮೆದುಳನ್ನು ಅಡ್ಡಲಾಗಿ ಕತ್ತರಿಸಿದರೆ ಎರಡೂ ಬದಿ ಕಾಡಿಗೆ ಎಳೆದಂಥ ಕಪ್ಪು ಗೆರೆ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಆ ಗೆರೆ ಮಾಸಿಹೋಗಿರುತ್ತದೆ. ವರ್ಷಗಟ್ಟಲೆ ಕೈ ನಡುಗಿದ್ದಕ್ಕೆ, ಹೆಜ್ಜೆ ಎತ್ತಿಡಲು ಪರದಾಡಿದ್ದಕ್ಕೆ ಮೂಲ ಅಳಿಸಿಹೋದ ಆ ಗೆರೆಯಲ್ಲಿದೆ.

ಹೆಚ್ಚು ಜನ ನಿಂತು ನೋಡುವುದು ಲಾಡಿಹುಳುವಿನ ಮರಿಗಳು ಮನೆಮಾಡಿದ ಮೆದುಳನ್ನು. ಉದ್ದಗಲಕ್ಕೂ ಸಣ್ಣ ಸಣ್ಣ ಗುಳಿ. ಹಂದಿಮಾಂಸ ತಿನ್ನುವವರಿಗಷ್ಟೇ ಈ ಕಾಯಿಲೆ ಬರುತ್ತದೆ ಎಂದು ನಂಬಿದವರೇ ಬಹಳ. ಆದರೆ ಮೆದುಳಿಗೆ ಮರಿಹುಳು ಸೇರುವುದು ಹುಳುವಿನ ಮೊಟ್ಟೆಗಳು ಹೊಟ್ಟೆಗೆ ಹೋದಾಗ. ಆ ಮೊಟ್ಟೆಗಳು ಮನುಷ್ಯರ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಸರಿಯಾಗಿ ತೊಳೆಯದ ಸೊಪ್ಪು ತರಕಾರಿಗೆ ಬರುತ್ತವೆ. ಜೀವಮಾನವಿಡೀ ಸಸ್ಯಾಹಾರಿಯಾಗಿದ್ದವರಿಗೂ ಇದರಿಂದ ಫಿಟ್ಸ್ ಬಂದ ಉದಾಹರಣೆಗಳಿವೆ. ಕೋಸಂಬರಿಗೆ ಕ್ಯಾರೆಟ್ ತುರಿಯುವ ಮುನ್ನ ಚೆನ್ನಾಗಿ ತೊಳೆಯಬೇಕೆಂಬುದನ್ನು ಈ ಒಂದು ಡಬ್ಬಿ ಕಲಿಸುವಷ್ಟು ಯಾವ ಪಾಠವೂ ಕಲಿಸಲಾರದು.

ಈ ಸಂಗ್ರಹದ ಹಿಂದಿರುವವರು ನ್ಯೂರೋಪೆಥಾಲಜಿ ಪ್ರಾಧ್ಯಾಪಕರಾಗಿದ್ದ ಡಾ. ಎಸ್.ಕೆ. ಶಂಕರ್. ದಶಕಗಳ ಕಾಲ ಒಂದೊಂದಾಗಿ ಕಾಪಿಟ್ಟ ಮಾದರಿಗಳನ್ನು ವಿದ್ಯಾರ್ಥಿಗಳಿಗಷ್ಟೇ ಮೀಸಲಿಡದೆ ಜನರ ಮುಂದೆ ತೆರೆದಿಟ್ಟರು. 1995ರಲ್ಲಿ ಇಲ್ಲೇ ಮೆದುಳು ಬ್ಯಾಂಕ್ ಕೂಡ ಶುರುವಾಯಿತು. ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಪಾಶ್ಚಾತ್ಯರ ಮೆದುಳಿನ ಚಿತ್ರಗಳೇ ತುಂಬಿದ್ದ ಕಾಲದಲ್ಲಿ, ಕ್ಷಯ ಮೆದುಳಿಗೇರಿದರೆ ಏನಾಗುತ್ತದೆ, ರೇಬೀಸ್ ಎಲ್ಲಿ ಕೂರುತ್ತದೆ ಎಂದು ನಮ್ಮ ಜನರ ಮೆದುಳಿನಲ್ಲೇ ನೋಡಿ ಕಲಿಯಲು ಇಂಥ ಜಾಗ ಬೇಕೇ ಬೇಕಿತ್ತು.

ನಿಮ್ಹಾನ್ಸ್ ಸಂಸ್ಥೆಯ ಬೇರು ಹತ್ತೊಂಬತ್ತನೇ ಶತಮಾನದ ಮಧ್ಯಭಾಗದ ಬೆಂಗಳೂರಿನ ‘ಲುನಾಟಿಕ್ ಅಸೈಲಂ’ನಲ್ಲಿದೆ. ಅದು 1925ರಲ್ಲಿ ಮಾನಸಿಕ ಆಸ್ಪತ್ರೆ ಎನಿಸಿಕೊಂಡಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂದಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆದು ಡಾ. ಎಂ.ವಿ. ಗೋವಿಂದಸ್ವಾಮಿ ನಿರ್ದೇಶಕರಾದರು. ಎರಡೂ ಸೇರಿ ನಿಮ್ಹಾನ್ಸ್ ಆದದ್ದು 1974ರ ಡಿಸೆಂಬರ್ 27ರಂದು. ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ. 1994ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು, 2012ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು.

ಮನಸ್ಸಿನ ಕಾಯಿಲೆಯನ್ನೂ ನರಗಳ ಕಾಯಿಲೆಯನ್ನೂ ಒಂದೇ ಕಾಂಪೌಂಡಿನೊಳಗೆ ನೋಡುವುದು ಇಲ್ಲಿನ ವಿಶೇಷ. ಬೆಳಗಿನ ಜಾವವೇ ಬಸ್ಸಿಳಿದು ಚೀಟಿ ಮಾಡಿಸಲು ಸಾಲು ನಿಲ್ಲುವವರಲ್ಲಿ ಬೀದರ್‌ನವರೂ ಇರುತ್ತಾರೆ, ಆಂಧ್ರ ತಮಿಳುನಾಡಿನವರೂ ಇರುತ್ತಾರೆ. ಫಿಟ್ಸ್, ಲಕ್ವ, ತಲೆಗೆ ಪೆಟ್ಟು, ಕಾಡುವ ಸಂಶಯ, ಮಾತು ಬಿಟ್ಟ ಮಗ, ಎಲ್ಲಕ್ಕೂ ಇದೇ ಗೇಟು. ಎಂ.ಆರ್.ಐ. ಯಂತ್ರಗಳು, ಐ.ಸಿ.ಯು., ಶಸ್ತ್ರಚಿಕಿತ್ಸಾ ಕೊಠಡಿಗಳು ದೊಡ್ಡ ಆಸ್ಪತ್ರೆಯಲ್ಲಿ ಇರಬೇಕಾದಂತೆಯೇ ಇವೆ. ಆಸ್ಪತ್ರೆಯ ದೊಡ್ಡಸ್ತಿಕೆ ಇರುವುದು ಬಂದ ರೋಗಿಯಿಂದ ಪ್ರಶ್ನೆಯೊಂದನ್ನು ಹೆಕ್ಕಿ ಅದರ ಬೆನ್ನು ಹತ್ತುವ ಗುಣದಲ್ಲಿ. 

ತಲೆಸ್ನಾನದ ಫಿಟ್ಸ್ ಅಂಥದೊಂದು. ಹಂಡೆಯ ಕುದಿನೀರನ್ನು ಬೆರೆಸಿ ಚೊಂಬು ಚೊಂಬಾಗಿ ನೆತ್ತಿಗೆ ಹುಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಇದು ಹೊರಗಿನ ಪ್ರಪಂಚಕ್ಕಿಂತ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು ಇಂಥ ನೂರಾರು ರೋಗಿಗಳನ್ನು ಅಧ್ಯಯನ ಮಾಡಿ ಜಗತ್ತಿನ ಗಮನ ಸೆಳೆದರು. ನೀರಿನ ಬಿಸಿ ತಗ್ಗಿಸುವುದು, ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ; ಎಷ್ಟೋ ಮಂದಿಗೆ ಅಷ್ಟೇ ಸಾಕಾಯಿತು. ಬಾಣಂತಿಯರ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಬಗೆಗೂ ಇಲ್ಲಿ ದೀರ್ಘಕಾಲ ಕೆಲಸ ನಡೆದಿದೆ. ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಅದರ ಮೇಲೆ ನಮ್ಮ ಮನೆಗಳಲ್ಲಿ ‘ಶೀತವಾದೀತು’ ಎಂದು ಬಾಣಂತಿಗೆ ನೀರು ಕುಡಿಯಲು ಬಿಡದಿದ್ದರೆ ಅಪಾಯ ಇನ್ನಷ್ಟು. ಹೆತ್ತ ತಿಂಗಳೊಳಗೆ ವಿಪರೀತ ತಲೆನೋವು, ಫಿಟ್ಸ್ ಬಂದರೆ ಗಾಳಿ ಸೋಕಿತೆಂದು ಕೂರದೆ ಆಸ್ಪತ್ರೆಗೆ ಓಡಬೇಕು.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವನ್ನೂ ಹೇಳಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆಯ ಚಿಕಿತ್ಸೆ ಕಲಿಸಿದ ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು.

ಮತ್ತೆ ಮೆದುಳಿನ ವಿಷಯಕ್ಕೆ. ದೇಹದಿಂದ ಆಗತಾನೇ ತೆಗೆದ ಮೆದುಳು ಮೆತ್ತಗಿರುತ್ತದೆ, ಇಟ್ಟ ಕಡೆ ಚಪ್ಪಟೆಯಾಗುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ ಗಟ್ಟಿಯಾಗಿಸಬೇಕು. ತಳಕ್ಕೆ ತಾಗಿದರೆ ಆಕಾರ ಕೆಡುತ್ತದಲ್ಲ, ಅದಕ್ಕೆ ಬುಡದ ರಕ್ತನಾಳದ ಕೆಳಗೆ ದಾರ ತೂರಿಸಿ ತಲೆಕೆಳಗಾಗಿ ತೂಗಿಬಿಡುವ ಪದ್ಧತಿ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೆ. ಎರಡು ಮೂರು ವಾರ ಹಾಗೆ ತೂಗಿದ ಮೇಲೆ ಉದ್ದನೆಯ ಚಾಕುವಿನಿಂದ ಒಂದೇ ಎಳೆತಕ್ಕೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹೋಳು ಮಾಡುತ್ತಾರೆ. ಚಾಕುವನ್ನು ಹಿಂದೆ ಮುಂದೆ ಆಡಿಸಿದರೆ ಮೇಲ್ಮೈ ಮೇಲೆ ಗೀರು ಬೀಳುತ್ತದೆ. ಸಂಶೋಧನೆಗೆ ಬೇಕಾದ ಭಾಗವನ್ನು ಮೊದಲೇ ಬೇರೆ ಮಾಡಿ ಮೈನಸ್ 80 ಡಿಗ್ರಿಯ ಆಸುಪಾಸಿನಲ್ಲಿ ಶೈತ್ಯೀಕರಿಸಬೇಕು. ಅದಕ್ಕೆ ಸಾವಿನ ನಂತರದ ಕೆಲವೇ ಗಂಟೆಗಳ ಗಡುವು.

ಆ ಗಂಟೆಗಳಲ್ಲೇ ಮನೆಯವರ ಒಪ್ಪಿಗೆಯೂ ಬೇಕು. ಹೆಣ ಯಾವಾಗ ಕೊಡುತ್ತಾರೆಂದು ಕಾದು ಕುಳಿತವರ ಬಳಿ ಹೋಗಿ, ಮೆದುಳನ್ನು ಅಧ್ಯಯನಕ್ಕೆ ಬಿಟ್ಟುಕೊಡುತ್ತೀರಾ ಎಂದು ಕೇಳುವುದು ಸಣ್ಣ ಕೆಲಸವಲ್ಲ. ಹೂಂ ಅನ್ನುವುದು ಅದಕ್ಕಿಂತ ದೊಡ್ಡದು. ಕಾಯಿಲೆಯ ಮೆದುಳಿನಷ್ಟೇ ಆರೋಗ್ಯವಂತರ ಮೆದುಳೂ ಬೇಕು. ಹೋಲಿಸಿ ನೋಡಲು ಅದಿಲ್ಲದೆ ಯಾವ ಸಂಶೋಧನೆಯೂ ನಡೆಯದು. ಅದು ಸಿಗುವುದು ಹೆಚ್ಚಾಗಿ ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರಿಂದ. ಅಂದರೆ ಯಾವ ಸೂಚನೆಯೂ ಇಲ್ಲದೆ ಮನೆಮಂದಿಯನ್ನು ಕಳೆದುಕೊಂಡವರ ಔದಾರ್ಯದಿಂದ.

2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ ಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಜನ ತಾವಾಗಿಯೇ ಮುಂದೆ ಬಂದರು. ಮೆದುಳು ದಾನಕ್ಕೆ ಅಂಥ ಅದೃಷ್ಟ ಇನ್ನೂ ಬಂದಿಲ್ಲ. ಕಣ್ಣು ಕೊಟ್ಟರೆ ಇನ್ನೊಬ್ಬರಿಗೆ ದೃಷ್ಟಿ ಬರುತ್ತದೆ, ಫಲ ಎದುರಿಗೇ ಕಾಣುತ್ತದೆ. ಮೆದುಳು ಕೊಟ್ಟರೆ ಫಲ ಎಂದೋ, ಯಾರಿಗೋ. ಆದರೂ ಮನೆಯಲ್ಲಿ ಮರೆಗುಳಿ ಅಜ್ಜಿಯನ್ನು ನೋಡಿಕೊಂಡವರು, ನಡುಗುವ ಕೈಗೆ ತುತ್ತಿಟ್ಟವರು ಈ ಮಾತನ್ನು ಇತರರಿಗಿಂತ ಬೇಗ ಅರ್ಥಮಾಡಿಕೊಂಡಾರು. ಬದುಕಿದ್ದಾಗಲೇ ಮನೆಯವರೊಡನೆ ಮಾತಾಡಿಟ್ಟರೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಒಬ್ಬಂಟಿಯಾಗಿ ನಿರ್ಧರಿಸಬೇಕಾಗುವುದಿಲ್ಲ.

ಇದೀಗ ಸ್ಕ್ಯಾನಿಂಗ್‌ನ ಕಾಲ. ರೋಗ ಏನೆಂದು ಬದುಕಿದ್ದಾಗಲೇ ತೆರೆಯ ಮೇಲೆ ಕಂಡಿರುವಾಗ ಶವಪರೀಕ್ಷೆಯೇಕೆ ಎಂಬ ಭಾವನೆ ಬಲವಾಗಿ, ಕಲಿಕೆಗಾಗಿ ನಡೆಯುತ್ತಿದ್ದ ಶವಪರೀಕ್ಷೆಗಳು ಎಲ್ಲ ದೇಶಗಳಲ್ಲೂ ಇಳಿಮುಖವಾಗಿವೆ. ಇಡೀ ಮೆದುಳನ್ನು ಕೈಯಲ್ಲಿ ಹಿಡಿದು, ತಾವೇ ಕತ್ತರಿಸಿ, ತಾವು ಊಹಿಸಿದ ರೋಗ ಅಲ್ಲಿದೆಯೋ ಇಲ್ಲವೋ ಎಂದು ನೋಡುವ ಅವಕಾಶ ಎಳೆಯ ವೈದ್ಯರಿಗೆ ಕಡಿಮೆಯಾಗುತ್ತಿದೆ. ಹಿರಿಯರು ಎಂದೋ ಹೋಳು ಮಾಡಿ ಡಬ್ಬಿಯಲ್ಲಿಟ್ಟ ಮೆದುಳುಗಳ ಮುಂದೆ ನಿಂತೇ ಅವರು ಆ ಪಾಠವನ್ನು ಹೆಚ್ಚು ಹೆಚ್ಚು ಕಲಿಯಬೇಕಾಗಿ ಬಂದಿದೆ.