ಕುಟುಂಬ ಹೋಲಿಕೆಯ ಸ್ಪ್ಯಾನಿಷ್ ಗಾದೆಗಳು ಮತ್ತು ಅವುಗಳ ಇಂಗ್ಲಿಷ್ ಅನುವಾದ

ಮಕ್ಕಳು ಹಿರಿಯರನ್ನು ಹೋಲುತ್ತಾರೆಂಬ ತಿಳಿವಳಿಕೆ ಎಲ್ಲ ಜನಸಮುದಾಯಗಳಲ್ಲಿಯೂ ಇದೆ. ಆದರೆ ಹೋಲುವುದು ಮುಖವೋ ನಡತೆಯೋ, ಅದನ್ನು ಆಡಿ ತೋರಿಸುವುದು ಹೊಗಳಿಕೆಗೋ ಹಳಿಯುವುದಕ್ಕೋ ಎಂಬುದು ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ. ಈ ದೃಷ್ಟಿಯಿಂದ ಸ್ಪ್ಯಾನಿಷ್ ಭಾಷೆಯ ಗಾದೆಗಳು ಅಧ್ಯಯನಯೋಗ್ಯವಾಗಿವೆ. ಅಲ್ಲಿ ಗಾದೆಗಳನ್ನು ಸಂಗ್ರಹಿಸುವ ಪರಂಪರೆ ಬಹಳ ಹಳೆಯದು. ಸಾಂತಿಯಾನಾದ ಮಾರ್ಕಿಸ್ ಸಂಗ್ರಹಿಸಿದನೆಂದು ಹೇಳಲಾಗುವ, 1508ರಲ್ಲಿ ಸೆವಿಲ್ಯಾ ನಗರದಲ್ಲಿ ಅಚ್ಚಾದ ಸಂಕಲನದ ಹೆಸರೇ ‘ಒಲೆಯ ಬಳಿ ಮುದುಕಿಯರು ಹೇಳುವ ಗಾದೆಗಳು’ ಎಂಬ ಅರ್ಥದ್ದು. 1627ರ ಹೊತ್ತಿಗೆ ಗೊನ್ಸಾಲೊ ಕೊರೆಯಾಸ್ ಸಿದ್ಧಪಡಿಸಿದ ಗಾದೆಗಳ ಕೋಶವಂತೂ ಸಾವಿರಾರು ಮಾತುಗಳ ಭಂಡಾರ. ಇವುಗಳಲ್ಲಿ ಮನೆತನದ ಹೋಲಿಕೆಯನ್ನು ಹೇಳುವ ಕೆಲವು ಗಾದೆ, ನುಡಿಗಟ್ಟುಗಳು ಇಂಗ್ಲಿಷಿಗೆ ಬರುವಾಗ ಏನಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಸ್ಪ್ಯಾನಿಷ್ ಸಾಹಿತ್ಯವು ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದಿರುವುದರಿಂದ, ಅಲ್ಲಿ ಆದ ನಷ್ಟ ಕನ್ನಡಕ್ಕೂ ತಟ್ಟುತ್ತದೆ.

ಮೊದಲಿಗೆ, ಎಲ್ಲ ನಿಘಂಟುಗಳಲ್ಲಿಯೂ ಸಿಗುವ ‘ದೆ ತಾಲ್ ಪಾಲೊ, ತಾಲ್ ಆಸ್ತಿಯಾ’ ಎಂಬ ಗಾದೆ. ‘ಎಂಥ ಕೋಲೋ ಅಂಥ ಸಿಬಿರು’ ಎಂಬುದು ಇದರ ನೇರ ಅರ್ಥ. ಇದಕ್ಕೆ ಇಂಗ್ಲಿಷಿನಲ್ಲಿ ‘ಚಿಪ್ ಆಫ್ ದಿ ಓಲ್ಡ್ ಬ್ಲಾಕ್’, ಅಂದರೆ ಹಳೆಯ ದಿಮ್ಮಿಯ ಚಕ್ಕೆ, ಎಂಬ ನುಡಿಗಟ್ಟನ್ನು ಕೊಡುವುದು ರೂಢಿ. ಹದಿನೇಳನೆಯ ಶತಮಾನದಿಂದ ಬಳಕೆಯಲ್ಲಿರುವ ಮಾತಿದು. ಎರಡೂ ಕಡೆ ಮರವಿದೆ, ಮರದ ತುಣುಕಿದೆ. ಅನುವಾದಕನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ ಎನಿಸುತ್ತದೆ. ತೊಡಕು ಇರುವುದು ಈ ಅನುಕೂಲದಲ್ಲಿಯೇ. ಇಂಗ್ಲಿಷ್ ನುಡಿಗಟ್ಟು ಹೆಚ್ಚಾಗಿ ಮಗ ತಂದೆಯಂತಾದನೆಂಬ ಮೆಚ್ಚುಗೆಯ ಮಾತು. ಸ್ಪ್ಯಾನಿಷ್ ಗಾದೆಗೆ ತಂದೆ-ಮಗ ಎಂಬ ಕಟ್ಟಿಲ್ಲ. ತಾಯಿ-ಮಗಳಿಗೂ ಅಜ್ಜಿ-ಮೊಮ್ಮಗನಿಗೂ ಅದು ಸಲ್ಲುತ್ತದೆ. ಮೆಚ್ಚುಗೆಗೆ ಎಷ್ಟು ಒದಗುತ್ತದೆಯೋ ಚುಚ್ಚುವುದಕ್ಕೂ ಅಷ್ಟೇ ಒದಗುತ್ತದೆ. ಹೋಸೆ ಮರಿಯಾ ದೆ ಪೆರೆದಾ 1880ರಲ್ಲಿ ಪ್ರಕಟಿಸಿದ ಕಾದಂಬರಿಗೆ ಇದೇ ಗಾದೆ ಶೀರ್ಷಿಕೆಯಾಗಿದೆ. ಅಲ್ಲಿ ನಾಸ್ತಿಕ ತಂದೆಯ ನಾಸ್ತಿಕ ಮಗನ ಮೇಲೆ ಅದು ತೀರ್ಪಿನಂತೆ ಬೀಳುತ್ತದೆ. ಆ ಶೀರ್ಷಿಕೆಯನ್ನು ದಿಮ್ಮಿ-ಚಕ್ಕೆಯ ನುಡಿಗಟ್ಟಿನಿಂದ ಅನುವಾದಿಸಿದರೆ ದುರಂತ ಕಥೆಯ ಬಾಗಿಲಿಗೆ ಹಸಿರು ತೋರಣ ಕಟ್ಟಿದಂತಾಗುತ್ತದೆ. ಹಳಿಯುವ ಸಂದರ್ಭಕ್ಕೆ ಇಂಗ್ಲಿಷಿನಲ್ಲಿ ಹೆಚ್ಚು ಒಪ್ಪುವುದು ‘ಸೇಬು ಮರದಿಂದ ದೂರ ಬೀಳದು’ ಎಂಬ ಗಾದೆ. ಅದೂ ಜರ್ಮನ್ ಮೂಲದಿಂದ ಬಂದ ಎರವಲು ಎಂಬುದು ಗಮನಾರ್ಹ.

ಗಾದೆಯ ಪಠ್ಯವಷ್ಟೇ ಸಾಲದು, ಅದನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆಂಬುದೂ ದಾಖಲಾಗಬೇಕು ಎಂದು ಓಜೊ ಅರೆವಾ ಮತ್ತು ಅಲನ್ ಡಂಡೆಸ್ 1964ರಲ್ಲಿಯೇ ಯೊರುಬಾ ಗಾದೆಗಳನ್ನು ಆಧರಿಸಿ ವಾದಿಸಿದ್ದರು. ದ್ವಿಭಾಷಾ ನಿಘಂಟುಗಳು ಈ ಮಾತನ್ನು ಇನ್ನೂ ಕಿವಿಗೆ ಹಾಕಿಕೊಂಡಂತಿಲ್ಲ.

ಲ್ಯಾಟಿನ್ ಅಮೆರಿಕದಲ್ಲಿ ಕೋಲಿನ ಜಾಗಕ್ಕೆ ಕಾಡುಪ್ರಾಣಿ ಬರುತ್ತದೆ. ‘ಇಹೊ ದೆ ತಿಗ್ರೆ, ಪಿಂತಿತೊ’ ಎಂಬುದು ಮೆಕ್ಸಿಕೊದ ರೂಪ. ಪದಶಃ ನೋಡಿದರೆ ‘ಹುಲಿಯ ಮಗ ಚುಕ್ಕೆಯವನು’ ಎಂದಾಗುತ್ತದೆ. ಹುಲಿಗೆ ಪಟ್ಟೆಯಲ್ಲದೆ ಚುಕ್ಕೆ ಎಲ್ಲಿಯದು ಎಂದು ಬಂಡೀಪುರದ ಆಸುಪಾಸಿನ ಯಾವ ದನಗಾಹಿಯಾದರೂ ಕೇಳಿಯಾನು. ಉತ್ತರ ಚರಿತ್ರೆಯಲ್ಲಿದೆ. ಅಮೆರಿಕ ಖಂಡಕ್ಕೆ ಹೋದ ಸ್ಪೇನಿನವರು ಅಲ್ಲಿ ಕಂಡ ಜಾಗ್ವಾರನ್ನು ‘ತಿಗ್ರೆ’ ಎಂದೂ ಪ್ಯೂಮಾವನ್ನು ‘ಸಿಂಹ’ ಎಂದೂ ತಮಗೆ ಗೊತ್ತಿದ್ದ ಹೆಸರುಗಳಿಂದಲೇ ಕರೆದರು. ಗಾದೆಯ ‘ಹುಲಿ’ ಈ ಜಾಗ್ವಾರ್. ಅದರ ಮೈತುಂಬ ಮಚ್ಚೆಗಳಿವೆ. ಅರ್ಜೆಂಟೀನಾದ ರೂಪದಲ್ಲಿ ಚುಕ್ಕೆಯ ಬದಲು ಕುದುರೆಯ ಮಚ್ಚೆಬಣ್ಣಕ್ಕೆ ಹೇಳುವ ‘ಓವೆರೊ’ ಎಂಬ ಪದ ಬರುತ್ತದೆ, ಹುಲ್ಲುಗಾವಲಿನ ಬದುಕು ಅದರಲ್ಲಿ ಇಣುಕುತ್ತದೆ. ಇಂಗ್ಲಿಷ್ ಅನುವಾದಕ ‘ಟೈಗರ್’ ಎಂದರೆ ಓದುಗ ಎಡವುತ್ತಾನೆ; ಚುಕ್ಕೆಯನ್ನು ಪಟ್ಟೆಯಾಗಿಸಿದರೆ ಅರ್ಥ ಉಳಿದು ಕಾಡು ಅಳಿಯುತ್ತದೆ; ‘ಜಾಗ್ವಾರ್’ ಎಂದರೆ ಗಾದೆಗೆ ಪ್ರಾಣಿಶಾಸ್ತ್ರದ ಗಾಂಭೀರ್ಯ ಬಂದುಬಿಡುತ್ತದೆ. ಇಷ್ಟಾದರೂ ‘ಪಿಂತಿತೊ’ ಎಂಬಲ್ಲಿನ ‘ಇತೊ’ ಪ್ರತ್ಯಯ ಉಳಿಯುವುದಿಲ್ಲ. ಚಿಕ್ಕದನ್ನು ಮುದ್ದಿನಿಂದ ಕರೆಯುವ ಪ್ರತ್ಯಯವದು. ಮಗುವಿನ ತುಂಟತನವನ್ನು ದೂರುತ್ತಲೇ ಅದರ ಕೆನ್ನೆ ಚಿವುಟುವ ಸಲಿಗೆ ಅದರಲ್ಲಿದೆ.

‘ದೆ ಕಾಸ್ತಾ ಲೆ ವಿಯೆನೆ ಅಲ್ ಗಾಲ್ಗೊ ಎಲ್ ಸೆರ್ ರಾಬಿಲಾರ್ಗೊ’ ಎಂಬ ಗಾದೆಯಲ್ಲಿ ತೊಡಕು ಇನ್ನೊಂದು ಬಗೆಯದು. ಬೇಟೆನಾಯಿಗೆ ಉದ್ದ ಬಾಲ ಬರುವುದು ಅದರ ತಳಿಯಿಂದ ಎಂಬುದು ತಾತ್ಪರ್ಯ. ಆಡುಮಾತಿನಲ್ಲಿ ಸಾಮಾನ್ಯವಾಗಿ ಮೊದಲರ್ಧವನ್ನಷ್ಟೇ ಹೇಳಿ ಬಿಡುತ್ತಾರೆ. ಪ್ರಾಸದ ಬಾಲವನ್ನು ಕೇಳುಗ ಮನಸ್ಸಿನಲ್ಲಿಯೇ ಜೋಡಿಸಿಕೊಳ್ಳುತ್ತಾನೆ. ಇಂಗ್ಲಿಷಿಗೆ ಇದು ‘ರಕ್ತದಲ್ಲಿಯೇ ಇದೆ’ ಎಂಬ ಸಪ್ಪೆ ವಾಕ್ಯವಾಗಿ ಬರುತ್ತದೆ. ಇಲ್ಲಿನ ‘ಕಾಸ್ತಾ’ ಎಂಬ ಪದ ಭಾರತೀಯ ಓದುಗರ ಕಿವಿಯನ್ನು ನೆಟ್ಟಗಾಗಿಸುತ್ತದೆ. ಇದೇ ಪದದ ಪೋರ್ಚುಗೀಸ್ ರೂಪವನ್ನು ಪೋರ್ಚುಗೀಸರು ಭಾರತದ ಜಾತಿಗಳಿಗೆ ಅನ್ವಯಿಸಿದರು. ಇಂಗ್ಲಿಷಿನ ‘ಕಾಸ್ಟ್’ ಬಂದದ್ದು ಅಲ್ಲಿಂದ. ಆದ್ದರಿಂದ ಇಂಗ್ಲಿಷ್ ಅನುವಾದಕ ‘ಕಾಸ್ಟ್’ ಪದವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ನಾಯಿಯ ಬಾಲ ಹೋಗಿ ಸಮಾಜಶಾಸ್ತ್ರ ಬರುತ್ತದೆ. ಕನ್ನಡದಲ್ಲಿ ‘ಜಾತಿನಾಯಿ’ ಎಂಬ ಮಾತು ನಿತ್ಯಬಳಕೆಯದು. ಮೂಲ ಪದದ ಎರಡೂ ಮುಖಗಳು ಇಲ್ಲಿ ಜೀವಂತವಾಗಿವೆ.

ಮುಖಚಹರೆಯ ಹೋಲಿಕೆಗೆ ಸ್ಪ್ಯಾನಿಷಿನಲ್ಲಿ ಬೇರೆಯೇ ನುಡಿಗಟ್ಟುಗಳಿವೆ. ತಂದೆಗೆ ‘ಕ್ಲಾವಾದೊ’ ಎಂದರೆ ಮೊಳೆ ಹೊಡೆದಂತೆ ಅವನೇ; ‘ಕಾಲ್ಕಾದೊ’ ಎಂದರೆ ಮೇಲೆ ಕಾಗದವಿಟ್ಟು ತೆಗೆದ ಪ್ರತಿ; ‘ಎಸ್ಕುಪಿದೊ’ ಎಂದರೆ ಉಗುಳಿದಂತೆ ಇರುವವನು. ಕೊನೆಯದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ‘ಸ್ಪಿಟಿಂಗ್ ಇಮೇಜ್’ ಎಂಬ ನಿಜವಾದ ಸೋದರ ಸಿಗುತ್ತದೆ. ಫ್ರೆಂಚ್ ಭಾಷೆಯಲ್ಲಿಯೂ ಉಗುಳಿನ ಹೋಲಿಕೆ ಇರುವುದರಿಂದ ಇದು ಯೂರೋಪಿನ ಹಲವು ಜನಪದಗಳ ಸಮಾನ ಸ್ವತ್ತು ಎನ್ನಬಹುದು. ಮೊಳೆಯನ್ನೂ ಪ್ರತಿಯನ್ನೂ ಇಂಗ್ಲಿಷ್ ಅನುವಾದಕರು ಇದೇ ಉಗುಳಿಗೆ ಸೇರಿಸಿಬಿಡುವುದು ರೂಢಿ. ‘ಅಪ್ಪನ ಅಚ್ಚು’ ಎನ್ನುವ ಕನ್ನಡಕ್ಕೆ ‘ಕಾಲ್ಕಾದೊ’ ಅಷ್ಟು ದೂರದ್ದಲ್ಲ.

ಇಂಗ್ಲಿಷಿನ ದಾರಿ ಎಷ್ಟು ಬಳಸುದಾರಿ ಎಂಬುದಕ್ಕೆ ಕೋಲಿನ ಬಳಗದ್ದೇ ಇನ್ನೊಂದು ಗಾದೆ ಸಾಕ್ಷಿ. ‘ಅದೇ ಮರದ ಬೆಣೆಗಿಂತ ಕೆಟ್ಟ ಬೆಣೆಯಿಲ್ಲ’ ಎಂದು ಸ್ಪ್ಯಾನಿಷಿನಲ್ಲಿ ಹೇಳುತ್ತಾರೆ. ಮರವನ್ನು ಸೀಳುವ ಬೆಣೆ ಅದೇ ಮರದ್ದಾದರೆ ಹೆಚ್ಚು ಬಿಗಿಯುತ್ತದೆ. ಹಾಗೆಯೇ ಒಡಹುಟ್ಟಿದವನ ದ್ವೇಷ ಹೊರಗಿನವನ ದ್ವೇಷಕ್ಕಿಂತ ಆಳಕ್ಕೆ ಇಳಿಯುತ್ತದೆ. ಸಿಬಿರಿನ ಗಾದೆ ಯಾವ ಹೋಲಿಕೆಯನ್ನು ಹೇಳಿತೋ ಅದನ್ನೇ ಇದು ಅಪಾಯವಾಗಿ ಕಾಣುತ್ತದೆ. ಎರಡೂ ಒಂದೇ ಮರಗೆಲಸದವನ ಕೊಟ್ಟಿಗೆಯಿಂದ ಹೊರಟ ಮಾತುಗಳಂತಿವೆ. ಈ ನಂಟು ಇಂಗ್ಲಿಷಿನಲ್ಲಿ ಕಾಣುವುದಿಲ್ಲ. ಅಲ್ಲಿ ಬೆಣೆಯ ಗಾದೆಗೆ ಚಾಲ್ತಿಯಲ್ಲಿರುವ ಜೋಡಿ ಇಲ್ಲದ ಕಾರಣ ‘ಸ್ವಂತದವರೇ ಕಡು ಶತ್ರುಗಳು’ ಎಂಬ ವಿವರಣೆಯನ್ನು ಕೊಟ್ಟು ಮುಂದೆ ಸಾಗುತ್ತಾರೆ. ಆ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರುವವನು ಅದನ್ನು ವಿವರಣೆಯಾಗಿಯೇ ತರುತ್ತಾನೆ. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಮಾತು ಅವನ ನಾಲಗೆಯ ತುದಿಯಲ್ಲಿಯೇ ಇದ್ದರೂ, ಮೂಲದಲ್ಲಿ ಮರವಿತ್ತೆಂದು ಅವನಿಗೆ ತಿಳಿಯುವ ದಾರಿಯೇ ಇರುವುದಿಲ್ಲ.