ಫ್ರೆಂಚ್ ಭಾಷೆಯಲ್ಲಿ ‘ಡಬ್ಲ್ಯು’

ಇಂಗ್ಲಿಷಿನಲ್ಲಿ ಏನು, ಏಕೆ, ಯಾವಾಗ ಎಂದು ಕೇಳಬೇಕಾದರೂ ‘ಡಬ್ಲ್ಯು’ ಅಕ್ಷರ ಬೇಕು. ನೆರೆಯ ಫ್ರೆಂಚಿನ ನಿಘಂಟನ್ನು ತೆರೆದರೆ ಇದಕ್ಕೆ ಸಿಕ್ಕಿರುವುದು ಕೆಲವೇ ಪುಟ. ಅಲ್ಲಿರುವ ಶಬ್ದಗಳೂ ಬಹುಮಟ್ಟಿಗೆ ಪರದೇಶದವು: ವ್ಯಾಗನ್, ವಿಸ್ಕಿ, ವೀಕೆಂಡ್, ವಾಟ್. ಇಂಗ್ಲಿಷರು ಇದನ್ನು ಜೋಡಿ ‘ಯು’ ಎಂದರೆ ಫ್ರೆಂಚರು ಜೋಡಿ ‘ವಿ’ ಎನ್ನುತ್ತಾರೆ. 19ನೆಯ ಶತಮಾನದ ಅವರ ನಿಘಂಟುಕಾರರು ಇದು ಉತ್ತರದ ಜನಾಂಗಗಳ ಅಕ್ಷರವೆಂದು ಬರೆದು ಹೊರಜಗುಲಿಯಲ್ಲಿಯೇ ಕೂರಿಸಿದ್ದರು.

ಉಚ್ಚಾರದಲ್ಲಿಯೂ ಏಕರೂಪತೆಯಿಲ್ಲ. ವಿಸ್ಕಿ ಎನ್ನುವಾಗ ಫ್ರೆಂಚರು ತುಟಿಗಳನ್ನು ದುಂಡಗೆ ಮಾಡುತ್ತಾರೆ. ವ್ಯಾಗನ್ ಎನ್ನುವಾಗ ಕೆಳತುಟಿಗೆ ಹಲ್ಲನ್ನು ತಾಗಿಸಿ ‘ವಗೋಂ’ ಎನ್ನುತ್ತಾರೆ. ಫ್ರೆಂಚನ್ನೇ ಆಡುವ ಬೆಲ್ಜಿಯಮಿನವರು ಮಾತ್ರ ವ್ಯಾಗನ್ನಿಗೂ ತುಟಿ ದುಂಡಗೆ ಮಾಡುವರು. ಎರಡಕ್ಕೂ ಒಂದೇ ‘ವ’ಕಾರ ಬರೆದು ನಿಶ್ಚಿಂತರಾಗಿರುವ ನಮಗೆ ಇದು ವಿನೋದವೆನಿಸಬಹುದು.

ಆ ಧ್ವನಿಯೇ ಫ್ರೆಂಚರಿಗಿಲ್ಲವೆಂದಲ್ಲ. ‘ಹೌದು’ ಎಂಬುದಕ್ಕೆ ಅವರು ತುಟಿ ದುಂಡಗೆ ಮಾಡಿ ‘ವಿ’ ಎನ್ನುತ್ತಾರೆ. ಬರೆಯುವುದು ಮಾತ್ರ ‘ಓ’, ‘ಯು’, ‘ಐ’ ಎಂಬ ಮೂರು ಸ್ವರಾಕ್ಷರಗಳಿಂದ.

ಇದರ ಹಿಂದಿನ ಕಥೆ ಇನ್ನೂ ಸ್ವಾರಸ್ಯವಾದುದು. ಫ್ರಾಂಕರೆಂಬ ಜರ್ಮಾನಿಕ್ ಜನ 5ನೆಯ ಶತಮಾನದಲ್ಲಿ ಗಾಲ್ ದೇಶದಲ್ಲಿ ಬೇರೂರಿದಾಗ ತಮ್ಮ ನುಡಿಯನ್ನೂ ತಂದರು. ಅದರಲ್ಲಿ ಈ ಧ್ವನಿಯಿಂದ ಆರಂಭವಾಗುವ ಮಾತುಗಳು ಹಲವು. ಲ್ಯಾಟಿನ್ ಆಡುತ್ತಿದ್ದ ಸ್ಥಳೀಯರ ನಾಲಗೆ ಅದಕ್ಕೆ ಒಗ್ಗದೆ, ಮುಂದೆ ಒಂದು ‘ಗ’ಕಾರವನ್ನು ಹಚ್ಚಿಕೊಂಡಿತು, ಕ್ರಮೇಣ ‘ಗ’ಕಾರವೇ ಉಳಿಯಿತು. ಕಲಹವೆಂಬ ಅರ್ಥದ ‘ವೆರ್ರಾ’ ಯುದ್ಧವೆಂಬ ಅರ್ಥದ ‘ಗೆರ್’ ಆಯಿತು. ವಿಲ್‌ಹೆಲ್ಮ್ ಎಂಬ ಹೆಸರು ಗಿಯೋಮ್ ಆಯಿತು. ನಮ್ಮ ಹಳಗನ್ನಡದ ಪಾಲು ಹಾಲಾದಂತೆ ಇದೂ ಒಂದು ಮಾರ್ಪಾಡು. ಆ ದೇಶಕ್ಕೆ ಫ್ರಾನ್ಸ್ ಎಂಬ ಹೆಸರು ಬಂದದ್ದೇ ಫ್ರಾಂಕರಿಂದ. ಅವರ ಬಾಯಿಯ ಧ್ವನಿಯ ಅಕ್ಷರ ಮಾತ್ರ ಪರಕೀಯವೆನಿಸಿತು! ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಉತ್ತರದ ನಾರ್ಮನ್ನರ ಫ್ರೆಂಚಿನಲ್ಲಿ ಹಳೆಯ ಧ್ವನಿ ಅಳಿಯಲಿಲ್ಲ. 1066ರಲ್ಲಿ ಅವರು ಇಂಗ್ಲೆಂಡನ್ನು ಗೆದ್ದಾಗ ಅದೂ ಸಮುದ್ರ ದಾಟಿತು. ಅನಂತರ ಪ್ಯಾರಿಸಿನ ಕಡೆಯ ‘ಗ’ಕಾರದ ರೂಪಗಳೂ ಹೋದವು. ಹೀಗೆ ಒಂದೇ ಮಾತು ಇಂಗ್ಲಿಷಿಗೆ ಎರಡು ಬಾಗಿಲುಗಳಿಂದ ಬಂದಿತು. ಅಲ್ಲಿಂದ ನಮ್ಮಲ್ಲಿಗೂ ಎರಡಾಗಿಯೇ ಬಂದಿದೆ. ಪೊಲೀಸರ ವಾರಂಟು ಮತ್ತು ಅಂಗಡಿಯವನ ಗ್ಯಾರಂಟಿ ಮೂಲದಲ್ಲಿ ಒಂದೇ. ವಾರ್ಡನ್ ಮತ್ತು ಗಾರ್ಡಿಯನ್ ಕೂಡ ಹಾಗೆಯೇ.

ನಾನು ವಿದ್ಯಾರ್ಥಿನಿಲಯಕ್ಕೆ ಸೇರಿದ ದಿನ ನನ್ನ ತಂದೆಯವರು ಅರ್ಜಿಯಲ್ಲಿ ‘ಗಾರ್ಡಿಯನ್’ ಎಂದಿದ್ದ ಕಡೆ ಹೆಬ್ಬೆಟ್ಟನ್ನೊತ್ತಿ, ವಾರ್ಡನ್ನರಿಗೆ ಕೈಮುಗಿದು, ಹೊರಗೆ ಬಂದಮೇಲೆ ಈ ಎರಡು ಮಾತಿಗೆ ಏನು ವ್ಯತ್ಯಾಸವೆಂದು ಕೇಳಿದ್ದರು. ಆಗ ನನಗೆ ತಿಳಿದಿರಲಿಲ್ಲ. ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಓದಿದಮೇಲೆ, ಈ ಸಲದ ರಜೆಯಲ್ಲಿ, ಎರಡೂ ಒಂದೇ ಮಾತು, ಕಾಯುವವನು ಎಂದರ್ಥ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವತ್ತು ನಾನೇಕೆ ಅಷ್ಟು ಹೆದರಿಕೊಂಡೆ?” ಎಂದರು.